ಹಳೆಯ ಗಾಡಿಯ ಯೋಗಕ್ಷೇಮ

ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ರಾಮಶಬ್ದವನ್ನೂ ಧಾತುರೂಪಗಳನ್ನೂ ಹೇಳಿಕೊಟ್ಟು ನಿವೃತ್ತರಾದ ನಾವು ಮೋಟಾರು ಗಾಡಿಯ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಬರಲಿ. ಆದರೆ ಸಂಸಾರಸ್ಥನಾದವನು ಸಂಪಾದಿಸುವ ವಸ್ತುಗಳಲ್ಲಿ, ವಾಸದ ಮನೆಯೊಂದನ್ನು ಬಿಟ್ಟರೆ, ಇಷ್ಟು ಹಣವನ್ನು ನುಂಗುವುದೂ ಇಷ್ಟು ಜೀವಗಳ ಭಾರವನ್ನು ಹೊರುವುದೂ ಮತ್ತೊಂದಿಲ್ಲ. ಅದರಲ್ಲಿಯೂ ಇನ್ನೊಬ್ಬರು ಬಳಸಿದ ದೊಡ್ಡ ಗಾಡಿಯನ್ನು ಕೊಳ್ಳುವ ಸಾಹಸವು ಈಗ ಹಳ್ಳಿಹಳ್ಳಿಗಳಲ್ಲಿಯೂ ನಡೆಯುತ್ತಿರುವುದರಿಂದ, ನಾವು ಕಂಡು ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಗೃಹಸ್ಥರ ಮುಂದಿಡುವುದು ಅನುಚಿತವಾಗಲಾರದು.

ನೆಂಟರಿಷ್ಟರನ್ನು ಕಂಡಾಗ ಯೋಗಕ್ಷೇಮವನ್ನು ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಈ ಮಾತಿನೊಳಗೆ ಎರಡು ಶಬ್ದಗಳಿವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಹಿಂದಿನ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಗಾಡಿಯ ವಿಷಯದಲ್ಲಿ ಜನರು ಯೋಗಕ್ಕೆ ಕೊಡುವ ಗಮನದ ಕಾಲುಪಾಲನ್ನೂ ಕ್ಷೇಮಕ್ಕೆ ಕೊಡುವುದಿಲ್ಲ. ಈಚೆಗೆ ಇವೆರಡರ ಜತೆಗೆ ಮೂರನೆಯದೊಂದು ಬಂದು ಸೇರಿದೆ. ಅದು, ಗಾಡಿಯನ್ನು ಮನೆಗೆ ತಂದ ಕೂಡಲೇ ಮೂರು ನಾಲ್ಕು ಅಂಗುಲ ಮೇಲಕ್ಕೆತ್ತಿಸಬೇಕೆಂಬ ಆಸೆ. ಈ ಮೂರನ್ನೂ ಒಂದೊಂದಾಗಿ ವಿಚಾರ ಮಾಡೋಣ.

ಮೊದಲು ನಮ್ಮ ಅಗತ್ಯವೇನಿತ್ತೆಂಬುದನ್ನು ಹೇಳಬೇಕು. ನಮ್ಮ ಮನೆ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿದೆ. ಡಾಂಬರು ರಸ್ತೆಯಿಂದ ಅಂಗಳದವರೆಗೆ ಎರಡೂವರೆ ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ಹಳ್ಳ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅದು ದಾರಿಯೆಂದು ಹೇಳಿಸಿಕೊಳ್ಳುವುದಕ್ಕೆ ತಾನೇ ನಾಚುವಂತಿರುತ್ತದೆ. ಮನೆಯಲ್ಲಿ ಒಟ್ಟು ಏಳು ಜನ. ಎಲ್ಲರಿಗೂ ಹಿರಿಯರಾದ ನಮ್ಮ ತಾಯಿಯವರಿಗೆ ಆಗ ಎಂಬತ್ತನಾಲ್ಕು ವರ್ಷ. ಮೊಣಕಾಲು ನೋವು, ಜತೆಗೆ ಉಬ್ಬಸ. ದೊಡ್ಡ ಆಸ್ಪತ್ರೆಯೆಂದರೆ ಒಂದು ಕಡೆ ಸುಮಾರು ಅರವತ್ತು ಕಿಲೋಮೀಟರು ದೂರದ ಶಿವಮೊಗ್ಗ, ಇನ್ನೊಂದು ಕಡೆ ಆಗುಂಬೆಯ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು ಸೇರಬೇಕಾದ ಮಣಿಪಾಲ. ಮನೆಯಲ್ಲಿದ್ದ ಸಣ್ಣ ಕಾರನ್ನು ಮಳೆಗಾಲದಲ್ಲಿ ರಸ್ತೆಯಂಚಿನ ಪರಿಚಿತರೊಬ್ಬರ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದೆವು. ತಾಯಿಯವರನ್ನು ಅಲ್ಲಿಯವರೆಗೆ ಕುರ್ಚಿಯಲ್ಲಿ ಕುಳ್ಳಿರಿಸಿ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ಹಾಗೆ ಹೊರಿಸಿಕೊಳ್ಳುವುದು ಅವರಿಗೆ ಕಾಯಿಲೆಗಿಂತಲೂ ಹೆಚ್ಚಿನ ಸಂಕಟವಾಗಿತ್ತು. “ಬದುಕಿರುವಾಗಲೇ ನಾಲ್ಕು ಜನ ಹೊರುವ ಹಾಗಾಯಿತಲ್ಲ” ಎಂದು ಒಮ್ಮೆ ಅಂದರು. ಆ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ನಿವೃತ್ತಿಕಾಲದಲ್ಲಿ ಕೈಸೇರಿದ ಹಣದಲ್ಲಿ ಒಂದು ಭಾಗವನ್ನು ಗಾಡಿಗಾಗಿ ತೆಗೆದಿಡುವುದೆಂದು ೨೦೨೩ರ ಆರಂಭದಲ್ಲಿ ನಿಶ್ಚಯಿಸಿದೆವು. ಹೊಸದು ನಮ್ಮ ಶಕ್ತಿಗೆ ಮೀರಿದ್ದು. ಹಳೆಯದೇ ಗತಿ.

ದೊಡ್ಡ ಗಾಡಿಗಳಲ್ಲಿ ಎರಡು ಜಾತಿಗಳುಂಟು. ಹಳೆಯ ಜಾತಿಯವುಗಳಿಗೆ ಬೆನ್ನೆಲುಬಾಗಿ ಎರಡು ಉದ್ದನೆಯ ಉಕ್ಕಿನ ತೊಲೆಗಳಿದ್ದು, ಅವುಗಳ ನಡುವೆ ಅಡ್ಡಪಟ್ಟಿಗಳಿರುತ್ತವೆ. ಏಣಿಯನ್ನು ಮಲಗಿಸಿಟ್ಟಂತೆ ಕಾಣುವ ಇದನ್ನು ಚಾಸಿ ಎನ್ನುತ್ತಾರೆ. ಇಂಜಿನ್ನೂ ಚಕ್ರಗಳೂ ಇದಕ್ಕೆ ಸೇರಿದುವು. ಮನುಷ್ಯರು ಕುಳಿತುಕೊಳ್ಳುವ ಒಡಲನ್ನು ಇದರ ಮೇಲಿಟ್ಟು ಬಿಗಿದಿರುತ್ತದೆ. ಎರಡನೆಯ ಜಾತಿಯಲ್ಲಿ ಒಡಲೇ ಬೆನ್ನೆಲುಬು, ಬೇರೆ ಏಣಿಯಿಲ್ಲ. ೧೯೪೭ರಲ್ಲಿ ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪು, ೧೯೯೮ರಲ್ಲಿ ಬಂದ ಟಾಟಾ ಸಫಾರಿ, ೨೦೦೨ರ ಸ್ಕಾರ್ಪಿಯೋ, ೨೦೦೯ರಲ್ಲಿ ಇಲ್ಲಿಗೆ ಬಂದ ಟೊಯೋಟಾ ಫಾರ್ಚುನರ್ ಇವೆಲ್ಲವೂ ಏಣಿಯ ಜಾತಿಯವು. ಆದರೆ ೨೦೨೧ರಲ್ಲಿ ಅದೇ ಸಫಾರಿಯ ಹೆಸರಿನಿಂದ ಹೊರಬಂದ ಗಾಡಿಗೆ ಏಣಿಯಿಲ್ಲ. ನಾಮಸಾಮ್ಯದಿಂದ ರೂಪಸಾಮ್ಯವನ್ನು ಊಹಿಸಬಾರದೆಂದು ನಾವು ತರಗತಿಯಲ್ಲಿ ಹೇಳುತ್ತಿದ್ದುದು ಇಲ್ಲಿಯೂ ನಿಜ. ಕೊಳ್ಳುವವನು ಹೆಸರನ್ನು ಕೇಳಿ ಸುಮ್ಮನಾಗದೆ ಕೆಳಗೆ ಬಗ್ಗಿ ನೋಡತಕ್ಕದ್ದು.

ಬಗ್ಗಿ ನೋಡುವ ಕೆಲಸಕ್ಕೆ ನಮಗೆ ಜತೆಯಾದವನು ನಮ್ಮ ಹಳೆಯ ವಿದ್ಯಾರ್ಥಿ. ಈಗ ಪೇಟೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಪಂಚಮೀ ವಿಭಕ್ತಿಯನ್ನು ಕಂಡರೆ ಹುಲಿಯನ್ನು ಕಂಡಂತೆ ಹೆದರುತ್ತಿದ್ದ ಹುಡುಗ, ಇಂಜಿನ್ನಿನ ಶಬ್ದವನ್ನು ಕೇಳಿ ಅದರ ಜಾತಕವನ್ನು ಹೇಳುವುದನ್ನು ಕಂಡು ನಮಗೆ ಹೆಮ್ಮೆಯಾಯಿತು. ಹಿಂದೆ ದನದ ಜಾತ್ರೆಗಳಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು. ವಯಸ್ಸನ್ನು ಮಾರುವವನ ಬಾಯಿಂದ ಕೇಳದೆ ಎತ್ತಿನ ಬಾಯಿಂದಲೇ ಕೇಳುವುದು ಅದರ ತಾತ್ಪರ್ಯ. ಗಾಡಿಗೂ ಹಲ್ಲುಗಳುಂಟು.

ಮೊದಲನೆಯ ಗಾಡಿಯ ಮೀಟರು ಅರವತ್ತು ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ನಮ್ಮ ಶಿಷ್ಯನು ಮೀಟರನ್ನು ನೋಡಲೇ ಇಲ್ಲ; ಕ್ಲಚ್ಚಿನ ಪೆಡಲಿನ ರಬ್ಬರನ್ನು ನೋಡಿದ. ಅದು ಸವೆದು ಕಬ್ಬಿಣ ಹೊಳೆಯುತ್ತಿತ್ತು. ಸ್ಟೀರಿಂಗ್ ಚಕ್ರವೂ ಚಾಲಕನ ಆಸನದ ಅಂಚೂ ನುಣುಪಾಗಿದ್ದುವು. “ಮೇಷ್ಟ್ರೇ, ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಕಾಲಿನ ಸವಕಳಿಯನ್ನು ತಿರುಗಿಸುವುದಕ್ಕೆ ಬರುವುದಿಲ್ಲ” ಎಂದ. ಎರಡನೆಯದು ಕರಾವಳಿಯಿಂದ ಬಂದದ್ದು, ಬೆಲೆ ಅಗ್ಗ. ಅದರ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋದಾಗ, ಗಟ್ಟಿ ಉಕ್ಕಿನಿಂದ ಬರಬೇಕಾದ ಖಣಖಣ ನಾದವು ಹಿಂದಿನ ಚಕ್ರದ ಬಳಿ ಮಂಕಾಯಿತು. ಬಣ್ಣದ ಜತೆಗೆ ತುಕ್ಕಿನ ಹಕ್ಕಳೆಯೂ ಉದುರಿತು. ಉಪ್ಪುಗಾಳಿಯು ಒಳಗಿನಿಂದ ತಿಂದಿದ್ದಿತು. ಬೇರೆಯ ಕೊರತೆಗಳನ್ನು ಸರಿಪಡಿಸಬಹುದು. ಬೆನ್ನೆಲುಬು ಹೋದ ಗಾಡಿಯನ್ನು ಕೈಮುಗಿದು ಬಿಟ್ಟುಬಿಡುವುದೇ ಲೇಸು.

ಮೂರನೆಯದು ಚಿಕ್ಕಮಗಳೂರಿನ ಕಡೆಯ ತೋಟದವರೊಬ್ಬರದು. ೨೦೧೪ರ ಮಾದರಿ, ಡೀಸೆಲಿನದು, ನಾಲ್ಕು ಚಕ್ರಗಳಿಗೂ ಶಕ್ತಿ ಹಾಯುವಂತಹುದು, ಒಂದು ಲಕ್ಷದ ಹದಿಮೂರು ಸಾವಿರ ಕಿಲೋಮೀಟರು ಓಡಿದ್ದು. ಅದನ್ನು ನೋಡಲು ಬೆಳಗ್ಗೆ ಏಳಕ್ಕೇ ಹೋಗಿದ್ದೆವು. ಶಿಷ್ಯನು ಮೊದಲು ಮಾಡಿದ ಕೆಲಸವೆಂದರೆ ಇಂಜಿನ್ನಿನ ಮೇಲುಮುಚ್ಚಳದ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೇ ಎಂದು ನೋಡಿದುದು. ಮಾರುವವರು ಮುಂಚೆಯೇ ಬಿಸಿ ಮಾಡಿಟ್ಟರೆ ಇಂಜಿನ್ನಿನ ಮುಂಜಾವಿನ ಕೆಮ್ಮು ಕೇಳಿಸುವುದಿಲ್ಲವಷ್ಟೆ. ತಣ್ಣಗಿದ್ದ ಇಂಜಿನ್ನನ್ನು ಎಬ್ಬಿಸಿ ಹೊಗೆಯನ್ನು ಗಮನಿಸಬೇಕು. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಎಣ್ಣೆಯೇ ಉರಿಯುತ್ತಿದೆ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲು ಹೆಚ್ಚು. ಬಿಳಿಯ ಹೊಗೆ ಇಂಜಿನ್ ಬಿಸಿಯಾದ ಮೇಲೂ ಹೋಗದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳದ ಒಳಮೈಯಲ್ಲಿ ಕಡೆದ ಮಜ್ಜಿಗೆಯಂತಹ ನೊರೆ ಕಂಡರೂ ಅದೇ ಸಂದೇಹ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ. ೨೩೧೯ ಎಂದಿದ್ದರೆ ೨೦೧೯ನೆಯ ವರ್ಷದ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಕಾಲಡಿಯ ಹಾಸನ್ನು ಎತ್ತಿ, ಆಸನದ ಕಂಬಿಗಳ ಮೂಲೆಯಲ್ಲಿ ಕೆಸರಿನ ಗೆರೆಯಾಗಲಿ ತುಕ್ಕಾಗಲಿ ಇದೆಯೇ ಎಂದು ನೋಡಬೇಕು. ಇದ್ದರೆ ಆ ಗಾಡಿ ನೆರೆಯಲ್ಲಿ ಮುಳುಗಿ ಎದ್ದುದಾಗಿರಬಹುದು.

ಇಷ್ಟೆಲ್ಲವೂ ಸರಿಯಾಗಿದ್ದುವು. ಆದರೆ ನಮ್ಮ ಮನಸ್ಸನ್ನು ಗೆದ್ದುದು ಇವಾವುದೂ ಅಲ್ಲ. ಆ ಯಜಮಾನರು ಒಳಗಿನಿಂದ ಒಂದು ಇನ್ನೂರು ಪುಟಗಳ ನೋಟು ಪುಸ್ತಕವನ್ನು ತಂದಿಟ್ಟರು. ಎಣ್ಣೆ ಬದಲಿಸಿದ ತಾರೀಖು, ಆಗಿನ ಮೀಟರಿನ ಅಂಕಿ, ಹಾಕಿದ ಬಿಡಿಭಾಗ, ಕೊಟ್ಟ ಹಣ ಎಲ್ಲವೂ ಒಂಬತ್ತು ವರ್ಷ ಒಂದೇ ಕೈಬರಹದಲ್ಲಿ ಬರೆದಿದ್ದಿತು. ಹಿಂದಿನ ಬಲಭಾಗಕ್ಕೆ ಒಮ್ಮೆ ಪೆಟ್ಟು ಬಿದ್ದುದನ್ನೂ ಮರೆಮಾಚದೆ ಬರೆದಿದ್ದರು. ಹಳೆಯ ಗಾಡಿಯನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಹಿಂದಿನ ಯಜಮಾನನ ನಡತೆಯನ್ನೇ ಎಂದು ನಮಗೆ ಆಗ ತೋರಿತು. ನಾಲ್ಕು ಲಕ್ಷದ ಅರವತ್ತು ಸಾವಿರ ಹೇಳಿದ್ದರು. ನಾಲ್ಕು ಲಕ್ಷದ ಇಪ್ಪತ್ತು ಸಾವಿರಕ್ಕೆ ಕೊಟ್ಟರು. ಗಾಡಿಯ ಕುಲನಾಮವನ್ನು ಹೇಳಿ ಯಾರಿಗೂ ಜಾಹೀರಾತು ಮಾಡುವುದು ನಮ್ಮ ಉದ್ದೇಶವಲ್ಲವಾದುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇವೆ.

ಹಣ ಕೈಬದಲಾಯಿಸಿದೊಡನೆ ವ್ಯಾಪಾರವು ಮುಗಿಯಿತೆಂದು ತಿಳಿಯಬಾರದು. ಸಾರಿಗೆ ಕಚೇರಿಯ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಅದು ಅರ್ಧ ವ್ಯಾಪಾರ. ಮಾರುವವನು ೨೯ನೆಯ ನಮೂನೆಯಲ್ಲಿ ತಿಳುವಳಿಕೆ ಕೊಡಬೇಕು. ೩೦ನೆಯ ನಮೂನೆಯಲ್ಲಿ ವರ್ಗಾವಣೆಯ ಅರ್ಜಿಯಾಗಬೇಕು. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದು ತೀರಿದ್ದರೆ ೩೫ನೆಯ ನಮೂನೆಯಿಂದ ಆ ಋಣದ ನಮೂದನ್ನು ತೆಗೆಸಬೇಕು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು ಹದಿನಾಲ್ಕು ದಿನಗಳೊಳಗಾಗಿ ತಿಳಿಸಬೇಕೆಂದು ೧೯೮೮ರ ಮೋಟಾರು ವಾಹನಗಳ ಕಾಯಿದೆ ಹೇಳುತ್ತದೆ. ಹೊರರಾಜ್ಯದ ಗಾಡಿಯಾದರೆ ೨೮ನೆಯ ನಮೂನೆಯ ನಿರಾಕ್ಷೇಪಣ ಪತ್ರವೂ ಬೇಕು. ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಅಗ್ಗವೆಂದು ತಂದದ್ದು ಅಗ್ಗವಾಗಿಯೇ ಉಳಿಯುವುದಿಲ್ಲ. ಗಾಡಿಯನ್ನು ಮಾರಿ ಹೆಸರು ಬದಲಾಯಿಸದೆ ಇದ್ದರೆ, ಮುಂದೆ ಅಪಘಾತವಾದಾಗ ಪುಸ್ತಕದಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿದೆ. ಆದುದರಿಂದ ಈ ಆತುರವು ಕೊಳ್ಳುವವನಿಗಿಂತ ಮಾರುವವನಿಗೇ ಹೆಚ್ಚಾಗಿರತಕ್ಕದ್ದು. ನೋಂದಣಿಯ ಮೊದಲ ಅವಧಿ ಹದಿನೈದು ವರ್ಷ. ಆಮೇಲೆ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಮ್ಮದಕ್ಕೆ ಆ ಗಡುವು ೨೦೨೯ರಲ್ಲಿ. ಬೆಲೆ ಕಟ್ಟುವಾಗ ಉಳಿದಿರುವ ಆಯುಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕಾದುದು ಇದೇ ಕಾರಣದಿಂದ.

ಯೋಗದ ಪ್ರಕರಣ ಇಲ್ಲಿಗೆ ಮುಗಿಯಿತು, ಇನ್ನು ಕ್ಷೇಮ. ಬೆಲೆ ಕೊಟ್ಟ ಮೇಲೆ ಕೈ ಬರಿದಾಗುವಂತೆ ಯಾರೂ ಹಳೆಯ ಗಾಡಿಯನ್ನು ಕೊಳ್ಳಬಾರದು. ನಮ್ಮ ಮೊದಲನೆಯ ವರ್ಷದ ಲೆಕ್ಕವನ್ನು ಪುಸ್ತಕದಿಂದಲೇ ಎತ್ತಿ ಬರೆಯುತ್ತೇವೆ. ಇಂಜಿನ್ ಎಣ್ಣೆ ಮತ್ತು ಸೋಸುಕಗಳಿಗೆ ೭,೮೦೦ ರೂಪಾಯಿ, ಬ್ರೇಕಿನ ಎಣ್ಣೆ ಮತ್ತು ಪ್ಯಾಡುಗಳಿಗೆ ೬,೪೦೦, ನಾಲ್ಕು ಟೈರುಗಳಿಗೆ ೩೪,೦೦೦, ಹಿಂದಿನ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳಿಗೆ ೨೧,೫೦೦, ಬುಷ್ಷುಗಳಿಗೂ ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ದಂಡದ ಕೀಲುಗಳಿಗೂ ೯,೨೦೦, ವಿಮೆಗೆ ೧೪,೬೦೦. ಒಟ್ಟು ೯೩,೫೦೦ ರೂಪಾಯಿ, ಡೀಸೆಲು ಬೇರೆ. ಅಂದರೆ ಕೊಂಡ ಬೆಲೆಯ ಐದನೆಯ ಒಂದು ಪಾಲಿಗಿಂತಲೂ ಮಿಗಿಲು. ಗಾಡಿ ಒಳ್ಳೆಯದಾಗಿದ್ದೂ ಇಷ್ಟು. ಎರಡನೆಯ ವರ್ಷ ಇದು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಆದುದರಿಂದ ಐದು ಲಕ್ಷ ಇರುವವನು ನಾಲ್ಕು ಲಕ್ಷದ ಗಾಡಿಯನ್ನು ನೋಡತಕ್ಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತಿಗೆ ಇಲ್ಲಿ ಹೊದಿಕೆಯ ಲೆಕ್ಕವೂ ಸೇರುತ್ತದೆ.

ಕೆಲವು ಕೆಲಸಗಳ ಕಾರಣವನ್ನು ತಿಳಿದಿರುವುದು ಒಳ್ಳೆಯದು. ಕಾರಣ ತಿಳಿದರೆ ಮರೆಯುವುದಿಲ್ಲ. ಬ್ರೇಕಿನ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಮೆಲ್ಲಮೆಲ್ಲಗೆ ಹೀರಿಕೊಳ್ಳುತ್ತದೆ. ತೇವ ಸೇರಿದ ಎಣ್ಣೆ ಬೇಗ ಕುದಿಯುತ್ತದೆ. ಘಾಟಿಯಲ್ಲಿ ಒಂದೇಸಮನೆ ಬ್ರೇಕು ಒತ್ತುತ್ತ ಇಳಿದರೆ ಅದು ಕಾದು ಆವಿಯಾಗಿ, ಪೆಡಲು ಕಾಲಿನ ಕೆಳಗೆ ಬೆಣ್ಣೆಯಂತೆ ಕುಸಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕಾದುದೂ, ಘಾಟಿಯನ್ನು ಕೆಳಗಣ ಗೇರಿನಲ್ಲಿಯೇ ಇಳಿಯಬೇಕಾದುದೂ ಇದಕ್ಕಾಗಿ. ಡೀಸೆಲಿನ ಸೋಸುಕದ ಬುಡದಲ್ಲಿ ನೀರು ಸೇರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಬಸಿದುಬಿಡಬೇಕು. ಟರ್ಬೋ ಇರುವ ಇಂಜಿನ್ನು ಏರನ್ನು ಹತ್ತಿಬಂದ ಕೂಡಲೇ ನಿಲ್ಲಿಸತಕ್ಕದ್ದಲ್ಲ. ಒಂದು ನಿಮಿಷ ಸುಮ್ಮನೆ ಓಡಗೊಟ್ಟರೆ ಆ ಬಿಸಿಯಾದ ಭಾಗಕ್ಕೆ ಎಣ್ಣೆ ಹರಿದು ತಣಿಯುತ್ತದೆ. ಬಿಸಿಲಿನಿಂದ ಬಂದ ಎತ್ತನ್ನು ಕೂಡಲೇ ಕಟ್ಟಿ ಹಾಕುವುದಿಲ್ಲವಷ್ಟೆ. ನಾಲ್ಕು ಚಕ್ರಗಳ ಗೇರನ್ನು ತಿಂಗಳಿಗೊಮ್ಮೆಯಾದರೂ ಕೆಸರಿನಲ್ಲಿ ಹಾಕಿ ತೆಗೆಯಬೇಕು, ಇಲ್ಲದಿದ್ದರೆ ಬೇಕಾದ ದಿನ ಅದು ಏಳುವುದಿಲ್ಲ. ಒಣಗಿದ ಡಾಂಬರಿನ ಮೇಲೆ ಅದನ್ನು ಹಾಕಬಾರದು, ಹಾಕಿದರೆ ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಒಂದನ್ನೊಂದು ಎಳೆದಾಡುತ್ತವೆ. ಮಳೆ ನಿಂತ ಮೇಲೆ ಗಾಡಿಯ ಅಡಿಭಾಗವನ್ನು ಚೆನ್ನಾಗಿ ತೊಳೆಯಬೇಕು. ಮೇಲೆ ಹೊಳಪು ಕೊಡುವುದು ನೋಡುವವರಿಗೆ, ಕೆಳಗೆ ತೊಳೆಯುವುದು ನಮಗೆ.

ಇನ್ನು ಮೂರನೆಯ ಪ್ರಕರಣ. ಗಾಡಿ ಬಂದ ತಿಂಗಳೊಳಗೆ ನಮ್ಮ ಮಗನು, “ಅಪ್ಪಯ್ಯ, ಇದನ್ನು ಮೂರು ಅಂಗುಲ ಎತ್ತಿಸೋಣ. ಅರುವತ್ತೈದು ಸಾವಿರದಲ್ಲಿ ಆಗುತ್ತದೆ. ದಾರಿಯ ನಡುವಿನ ದಿಬ್ಬ ಅಡಿಗೆ ತಾಗುತ್ತಿದೆ” ಎಂದನು. ದಿಬ್ಬ ತಾಗುತ್ತಿದ್ದುದು ನಿಜ. ತೋಟದ ಕೆಲಸವನ್ನೆಲ್ಲ ಹೊತ್ತಿರುವ ಮಗ. ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಶಿಷ್ಯನನ್ನು ಕರೆಸಿದೆವು. ಮೂವರೂ ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ ಶಾಸ್ತ್ರವಿಚಾರ ಮಾಡಿದೆವು.

ಎತ್ತಿಸುವ ಕ್ರಮಗಳು ಹಲವು. ಚಾಸಿಗೂ ಒಡಲಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನಿಟ್ಟು ಒಡಲನ್ನು ಮಾತ್ರ ಎತ್ತುವುದೊಂದು. ಉದ್ದನೆಯ ಸ್ಪ್ರಿಂಗುಗಳನ್ನು ಹಾಕಿ ಚಾಸಿಯನ್ನೇ ಎತ್ತುವುದು ಇನ್ನೊಂದು. ಮುಂಭಾಗದಲ್ಲಿ ಸ್ಪ್ರಿಂಗಿಗೆ ಬದಲಾಗಿ ತಿರುಚುವ ಕಂಬಿಗಳಿರುವ ಗಾಡಿಗಳಲ್ಲಿ, ಒಂದು ಬೋಲ್ಟನ್ನು ತಿರುಗಿಸಿದರೆ ಮೂತಿ ಏಳುತ್ತದೆ, ಕಾಸು ಖರ್ಚಿಲ್ಲ. ಕೇಳುವುದಕ್ಕೆ ಚೆನ್ನ. ಆದರೆ ಮೂತಿ ಎದ್ದಾಗ ಚಕ್ರದ ತೋಳುಗಳು ಕೆಳಕ್ಕೆ ಜೋಲುತ್ತವೆ. ಕೀಲುಗಳು ಹುಟ್ಟಿದ ಕೋನವನ್ನು ಬಿಟ್ಟು ಬೇರೆ ಕೋನದಲ್ಲಿ ದುಡಿದು ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರು ಕೊಳವೆಗಳಿಗೆ ಉದ್ದ ಸಾಲದೆ ಹೋಗಬಹುದು. ದೀಪಗಳು ದಾರಿಯನ್ನು ಬಿಟ್ಟು ಎದುರು ಬರುವವನ ಕಣ್ಣನ್ನು ಬೆಳಗುತ್ತವೆ.

ಎಲ್ಲಕ್ಕಿಂತ ವಿಚಿತ್ರವಾದ ಸಂಗತಿ ಬೇರೆಯಿದೆ. ಇಂತಹ ಗಾಡಿಗಳಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಾಗಿರುವುದು ಸಾಮಾನ್ಯವಾಗಿ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್ಲಿನ ಗುಡಾಣ. ಅದು ಸ್ಪ್ರಿಂಗಿನ ಕೆಳಗಡೆ ಇರುವುದರಿಂದ, ಸ್ಪ್ರಿಂಗನ್ನು ಎಷ್ಟು ಉದ್ದ ಮಾಡಿದರೂ ಅದು ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಏಳಬೇಕಾದರೆ ಟೈರು ದೊಡ್ಡದಾಗಬೇಕು. ಗಣಿತವನ್ನೇ ನೋಡಿ. ೨೩೫/೭೦ ಆರ್ ೧೬ ಎಂಬ ಟೈರಿನ ವ್ಯಾಸ ಸುಮಾರು ೭೩೫ ಮಿಲಿಮೀಟರು. ಅದರ ಬದಲು ೨೬೫/೭೦ ಆರ್ ೧೬ ಹಾಕಿದರೆ ವ್ಯಾಸ ಸುಮಾರು ೭೭೭. ವ್ಯತ್ಯಾಸ ೪೨, ಅಚ್ಚು ಏಳುವುದು ಅದರ ಅರ್ಧ, ೨೧ ಮಿಲಿಮೀಟರು. ಒಂದು ಅಂಗುಲವೂ ಆಗಲಿಲ್ಲ. ಇಷ್ಟಕ್ಕಾಗಿ ವೇಗದ ಮೀಟರು ಸುಳ್ಳು ಹೇಳತೊಡಗುತ್ತದೆ. ಮೊದಲು ಸರಿಯಾಗಿ ಹೇಳುತ್ತಿದ್ದ ಮೀಟರು ಅರವತ್ತು ತೋರಿಸಿದಾಗ ಗಾಡಿ ಅರವತ್ತಮೂರಕ್ಕಿಂತ ಹೆಚ್ಚಿನ ವೇಗದಲ್ಲಿರುತ್ತದೆ.

ಮಗುಚುವ ಭಯವು ಇದಕ್ಕಿಂತ ದೊಡ್ಡದು. ಎಡಬಲದ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗಾಡಿಯ ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆ ಹೆಚ್ಚಿದಷ್ಟೂ ಗಾಡಿ ಸ್ಥಿರ. ಅಮೆರಿಕದ ಸರ್ಕಾರದವರು ಗಾಡಿಗಳನ್ನು ಅಳೆಯುವಾಗ ಇದನ್ನು ಬಳಸುತ್ತಾರೆ. ಉದಾಹರಣೆಗಾಗಿ ಅಂತರ ೬೦ ಅಂಗುಲ, ಕೇಂದ್ರದ ಎತ್ತರ ೨೮ ಅಂಗುಲವೆಂದು ಇಟ್ಟುಕೊಂಡರೆ ಬರುವುದು ೧.೦೭. ಕೇಂದ್ರವನ್ನು ಮೂರು ಅಂಗುಲ ಎತ್ತಿದರೆ ೦.೯೭. ಅಂಕಿಯಲ್ಲಿ ಅಲ್ಪವಾಗಿ ಕಾಣುವ ಈ ಇಳಿತವನ್ನು ಘಾಟಿಯ ತಿರುವಿನಲ್ಲಿ ಹೊರುವವರು ಒಳಗೆ ಕುಳಿತ ಮಕ್ಕಳು. ಕಾಯಿದೆಯ ಮಾತೂ ಉಂಟು. ತಯಾರಕರು ಗೊತ್ತುಮಾಡಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದೆಂಬುದು ಮೋಟಾರು ಕಾಯಿದೆಯ ೫೨ನೆಯ ಪ್ರಕರಣದ ಅಭಿಪ್ರಾಯವೆಂದು ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಹೇಳಿತು. ಅಪಘಾತದ ದಿನ ವಿಮೆಯವರೊಡನೆ ವಾದಿಸುವಾಗ ಇದು ನೆನಪಾಗುವುದಕ್ಕಿಂತ ಮೊದಲೇ ನೆನಪಾಗುವುದು ಲೇಸು.

ಮಗನು ಇವನ್ನೆಲ್ಲ ಕೇಳಿ ಸುಮ್ಮನಿದ್ದನು, ಒಪ್ಪಿದನೆಂದು ಹೇಳಲಾರೆವು. ಯುವಕರಿಗೆ ಗಣಿತದಿಂದ ಆಸೆ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ತಾಯಿಯವರು, “ಮಗು, ಎತ್ತಿಸುವುದು ನಾನು ಹತ್ತುವುದಕ್ಕೋ, ನೀನು ಮೆರೆಯುವುದಕ್ಕೋ?” ಎಂದು ಕೇಳಿದರು. ಎಲ್ಲರೂ ನಕ್ಕೆವು. ಮಗನು ನಗಲಿಲ್ಲ. ಎದ್ದು ಹೋಗಿ ಅಳತೆಪಟ್ಟಿಯನ್ನು ತಂದ. ನೆಲದಿಂದ ಮೆಟ್ಟುಹಲಗೆಗೆ ಹದಿನಾರು ಅಂಗುಲ. ಅಜ್ಜಿಯು ಊರುಗೋಲನ್ನು ಹಿಡಿದು ತಾವಾಗಿ ಕಾಲೆತ್ತಿ ಇಡಬಲ್ಲ ಎತ್ತರ ಒಂಬತ್ತು ಅಂಗುಲ. ಹಾಗೆಂದರೆ ಈಗಲೇ ಏಳು ಅಂಗುಲದ ಮಣೆಯೊಂದು ಬೇಕು. ಎತ್ತಿಸಿದರೆ ಹತ್ತು ಅಂಗುಲದ ಮಣೆ, ಅದನ್ನೇರಲು ಇನ್ನೊಂದು ಮಣೆ. ಅಳತೆಪಟ್ಟಿಯನ್ನು ಸುತ್ತಿಡುತ್ತ ಅವನು, “ಬೇಡ ಅಪ್ಪಯ್ಯ” ಎಂದನು. ಆ ಒಂದು ಮಾತಿನಿಂದ ಅವನು ನಮ್ಮ ಕಣ್ಣಿನಲ್ಲಿ ಮೂರು ಅಂಗುಲ ಎತ್ತರವಾದನು.

ಹಾಗಾದರೆ ದಿಬ್ಬದ ಗತಿಯೇನು? ಶಿಷ್ಯನು ಅದಕ್ಕೂ ದಾರಿ ತೋರಿಸಿದ. ಹಿಂದಿನ ಎರಡು ಸ್ಪ್ರಿಂಗುಗಳನ್ನೂ ಅಳೆದು, ತಯಾರಕರ ಪುಸ್ತಕದಲ್ಲಿರುವ ಎತ್ತರಕ್ಕಿಂತ ಒಂದು ಕಡೆ ಒಂದೂಕಾಲು ಅಂಗುಲ, ಇನ್ನೊಂದು ಕಡೆ ಒಂದೂಮುಕ್ಕಾಲು ಅಂಗುಲ ಕುಸಿದಿರುವುದನ್ನು ತೋರಿಸಿದ. ಒಂಬತ್ತು ವರ್ಷ ಕಾಫಿಯ ಮೂಟೆಗಳನ್ನು ಹೊತ್ತ ಬೆನ್ನು ಬಾಗದೆ ಇದ್ದೀತೆ? ತಯಾ­ರಕರದೇ ಅಳತೆಯ ಹೊಸ ಸ್ಪ್ರಿಂಗುಗಳನ್ನು ಹಾಕಿಸಿದೆವು. ಗಾಡಿ ತನ್ನ ಹುಟ್ಟಿನ ಎತ್ತರಕ್ಕೆ ಎದ್ದು ನಿಂತಿತು. ಹಿಂದೆ ಜೋತುಬಿದ್ದು ನೆಲ ಕೆರೆಯುತ್ತಿದ್ದ, ನಮಗೆ ಕೆಲಸಕ್ಕೆ ಬಾರದ ಕಬ್ಬಿಣದ ಕೊಕ್ಕೆಯೊಂದನ್ನು ಬಿಚ್ಚಿಸಿದೆವು.

ಉಳಿದ ಕೆಲಸವನ್ನು ದಾರಿಯ ಮೇಲೆ ಮಾಡಿದೆವು. ಆ ದಾರಿಯನ್ನು ಬಳಸುವ ನಾಲ್ಕು ಮನೆಗಳವರೂ ಎರಡು ಭಾನುವಾರ ಹಾರೆ ಗುದ್ದಲಿಗಳನ್ನು ಹಿಡಿದು ನಡುವಿನ ದಿಬ್ಬವನ್ನು ಕೆತ್ತಿ, ಚಕ್ರದ ಹೊಂಡಗಳಿಗೆ ಜಂಬಿಟ್ಟಿಗೆ ಕಲ್ಲು ತುಂಬಿ, ನೀರು ಪಕ್ಕಕ್ಕೆ ಹರಿಯುವಂತೆ ಚರಂಡಿ ತೋಡಿದೆವು. ನಮ್ಮ ಮನೆಯ ಪಾಲಿನ ಖರ್ಚು ಎರಡು ಸಾವಿರ ರೂಪಾಯಿಯನ್ನು ದಾಟಲಿಲ್ಲ. ಗಾಡಿಯನ್ನು ಎತ್ತಿಸಿದ್ದರೆ ನಮ್ಮೊಬ್ಬರ ಅಡ್ಡಿ ತೀರುತ್ತಿತ್ತು. ದಿಬ್ಬವನ್ನು ಇಳಿಸಿದುದರಿಂದ ನಾಲ್ಕು ಮನೆಗಳದೂ ತೀರಿತು, ಶಾಲೆಗೆ ಹೋಗುವ ಮಕ್ಕಳ ಸೈಕಲ್ಲಿಗೂ ದಾರಿಯಾಯಿತು.

ದೇವಾಲಯಗಳು ಹಳತಾದಾಗ ಹಿರಿಯರು ಜೀರ್ಣೋದ್ಧಾರ ಮಾಡಿಸುತ್ತಿದ್ದರು. ಉದ್ಧಾರವೆಂಬ ಶಬ್ದಕ್ಕೆ ಮೇಲಕ್ಕೆತ್ತುವುದೆಂದೇ ಅರ್ಥ. ಆದರೆ ಜೀರ್ಣೋದ್ಧಾರ ಮಾಡಿಸಿದವರು ಗರ್ಭಗುಡಿಯ ಹೊಸಿಲನ್ನು ಮೂರು ಅಡಿ ಎತ್ತರಿಸಿ ಮುದುಕರು ಒಳಗೆ ಬಾರದಂತೆ ಮಾಡಲಿಲ್ಲ. ಕುಸಿದುದನ್ನು ಅದರ ಮೂಲದ ಪ್ರಮಾಣಕ್ಕೆ ತಂದು ನಿಲ್ಲಿಸಿದರು. ಹಳೆಯ ಗಾಡಿಗೆ ನಾವು ಮಾಡತಕ್ಕ ಉದ್ಧಾರವೂ ಅಷ್ಟೇ ಎಂದು ನಮ್ಮ ಅಭಿಪ್ರಾಯ. ಕಾಡುಮೇಡುಗಳಲ್ಲಿ ಪಂದ್ಯಕ್ಕೆ ಓಡಿಸುವವರ ಅಗತ್ಯ ಬೇರೆ. ಅವರ ಸುದ್ದಿ ನಮಗೆ ಬೇಡ. ನಾವು ಹೇಳುತ್ತಿರುವುದು ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಹತ್ತಿ ಇಳಿಯುವ ಸಂಸಾರದ ಗಾಡಿಯ ಮಾತು.

ಮರುವರ್ಷ, ಅಂದರೆ ೨೦೨೪ರ ಜುಲೈ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ತಾಯಿಯವರಿಗೆ ಉಬ್ಬಸ ಹೆಚ್ಚಿತು. ಹೊರಗೆ ಹಿಡಿದ ಮಳೆ ಬಿಟ್ಟಿರಲಿಲ್ಲ. ಹಳ್ಳದ ನೀರು ಚಕ್ರದ ಅರ್ಧಕ್ಕೆ ಬಂದಿತ್ತು. ಮಗನು ಲಾಟೀನನ್ನು ಹಿಡಿದು ಮೊದಲು ತಾನೇ ಹಳ್ಳಕ್ಕಿಳಿದು ಆಳವನ್ನೂ ಸೆಳೆತವನ್ನೂ ನೋಡಿಬಂದು, ದಾಟಬಹುದೆಂದನು. ಕುರ್ಚಿಯನ್ನು ತರಲು ಹೊರಟವರನ್ನು ತಾಯಿಯವರು ಕೈಸನ್ನೆಯಿಂದ ತಡೆದರು. ಮಣೆಯ ಮೇಲೆ ಒಂದು ಕಾಲು, ಮೆಟ್ಟುಹಲಗೆಯ ಮೇಲೆ ಒಂದು ಕಾಲು. ಸೊಸೆಯ ತೋಳನ್ನು ಹಿಡಿದು, ನಡುನಡುವೆ ನಿಂತು ಉಸಿರು ತೆಗೆದುಕೊಂಡು, ತಾವಾಗಿಯೇ ಹತ್ತಿ ಕುಳಿತರು. ನಾಲ್ಕು ಚಕ್ರಗಳ ಗೇರು ಕರೆದ ಕೂಡಲೇ ಓಗೊಟ್ಟಿತು. ಶಿವಮೊಗ್ಗವನ್ನು ಸೇರುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಇನ್ನು ಒಂದೆರಡು ಗಂಟೆ ತಡವಾಗಿದ್ದರೆ ಕಷ್ಟವಾಗುತ್ತಿತ್ತೆಂದು ವೈದ್ಯರು ಹೇಳಿದರು. ಒಂಬತ್ತನೆಯ ದಿನ ಅವರು ಅದೇ ಗಾಡಿಯಲ್ಲಿ ಮನೆಗೆ ಬಂದರು.

ಗಾಡಿಯನ್ನು ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ನಾವು ಹೇಳತಕ್ಕ ಮಾತು ಇಷ್ಟೆ. ಹೊಳಪಿಗಿಂತ ಮೊದಲು ಚಾಸಿಯನ್ನೂ, ಮೀಟರಿಗಿಂತ ಮೊದಲು ಪೆಡಲನ್ನೂ ನೋಡಿರಿ. ಬೆಲೆಯ ಐದನೆಯ ಒಂದು ಪಾಲನ್ನು ಕ್ಷೇಮಕ್ಕಾಗಿ ಬೇರೆ ತೆಗೆದಿಡಿರಿ. ಒಂದು ನೋಟು ಪುಸ್ತಕವನ್ನು ಕೊಂಡು ಮೊದಲ ದಿನದಿಂದಲೇ ಬರೆಯಿರಿ; ನಿಮ್ಮಿಂದ ಅದನ್ನು ಮುಂದೆ ಕೊಳ್ಳುವವನು ನಿಮ್ಮನ್ನು ಹರಸುವನು. ಎತ್ತರದ ವಿಚಾರ ಬಂದಾಗ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಮೊಣಕಾಲನ್ನು ಕೇಳಿ ನಿರ್ಧರಿಸಿರಿ. ನಮ್ಮ ಪುಸ್ತಕದಲ್ಲಿ ಈ ತಿಂಗಳ ನಮೂದು ಬ್ರೇಕಿನ ಎಣ್ಣೆಯದು; ನಾಳೆ ಬೆಳಗ್ಗೆ ಗ್ಯಾರೇಜಿಗೆ ಹೋಗಬೇಕಾಗಿದೆ.